ಹೊಟ್ಟೆ ಡಯಾಲಿಸಿಸ್ ಮತ್ತು ರಕ್ತ ತೆಳು ಮಾಡುವ ಔಷಧಿ: ಬ್ಯಾಗಿಗೆ ಯಾವುದು, ಬಾಯಿಗೆ ಯಾವುದು

ಹೊಟ್ಟೆ ಡಯಾಲಿಸಿಸ್ (ಪೆರಿಟೋನಿಯಲ್ ಡಯಾಲಿಸಿಸ್, ಚಿಕ್ಕದಾಗಿ ಪಿ.ಡಿ.) ಎಂದರೆ ಪೈಪಿನ ಮೂಲಕ ಹೊಟ್ಟೆಗೆ ದ್ರವ ತುಂಬಿ ಇಳಿಸುವುದು. ರಾತ್ರಿಯಿಡೀ ಹೊಟ್ಟೆಯಲ್ಲಿದ್ದ ದ್ರವವನ್ನು ಬೆಳಿಗ್ಗೆ ಇಳಿಸುತ್ತೀರಿ. ಡ್ರೈನ್ ಬ್ಯಾಗಿನಲ್ಲಿ ಬೆಂದ ಶ್ಯಾವಿಗೆಯಂಥ ಬಿಳಿ ಎಳೆಗಳು ತೇಲುತ್ತಿವೆ. ಪಿ.ಡಿ. ನರ್ಸ್‌ಗೆ ಫೋನ್ ಮಾಡಿದರೆ ‘ಮುಂದಿನ ಬ್ಯಾಗಿಗೆ ಹೆಪಾರಿನ್ ಹಾಕಿಕೊಳ್ಳಿ’ ಎನ್ನುತ್ತಾರೆ. ಹೆಪಾರಿನ್ ಎಂದರೆ ಹೆಪ್ಪು ಕಟ್ಟದಂತೆ ತಡೆಯುವ ಔಷಧಿ. ಮನೆಯವರಿಗೆ ಕೂಡಲೇ ದಿಗಿಲು: ‘ಇವರು ಮೊದಲೇ ಹಾರ್ಟ್ ವಾಲ್ವ್‌ಗೆ ಅಸಿಟ್ರಾಂ ತಗೋತಾರೆ, ಅದರ ಮೇಲೆ ಹೆಪಾರಿನ್ ಬೇರೆ ಹಾಕಿದರೆ ರಕ್ತ ಸುರಿಯೋದಿಲ್ಲವಾ?’ ಅಸಿಟ್ರಾಂ ಎಂದರೆ ವಾರ್ಫರಿನ್ ಬಗೆಯ, ರಕ್ತ ತೆಳು ಮಾಡುವ ಮಾತ್ರೆ. ಕೇಳಬೇಕಾದ ಪ್ರಶ್ನೆಯೇ ಇದು. ಉತ್ತರ ಗೊತ್ತಿಲ್ಲದೆ ಹೆದರಿ ಹೆಪಾರಿನ್ ಹಾಕದೆ ಬಿಟ್ಟವರ ಪೈಪು ಕಟ್ಟಿಕೊಳ್ಳುತ್ತದೆ. ಎರಡೂ ಒಂದೇ ಎಂದು ತಿಳಿದು ಅಸಿಟ್ರಾಂ ನಿಲ್ಲಿಸಿದವರ ವಾಲ್ವ್‌ನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ.

ಬ್ಯಾಗಿಗೆ ಹಾಕುವ ಹೆಪಾರಿನ್ ಹೊಟ್ಟೆಯೊಳಗಿನ ದ್ರವದಲ್ಲಿ ಕೆಲಸ ಮಾಡುತ್ತದೆ. ಅದರ ಅಣು ದೊಡ್ಡದು, ಮೈತುಂಬ ಋಣ ವಿದ್ಯುದಂಶ. ಹಾಗಾಗಿ ಹೊಟ್ಟೆಯ ಒಳಪೊರೆಯನ್ನು ದಾಟಿ ರಕ್ತಕ್ಕೆ ಸೇರುವುದು ತೀರಾ ಅತ್ಯಲ್ಪ. ಸಾಮಾನ್ಯ ಪ್ರಮಾಣದಲ್ಲಿ ಹಾಕಿದಾಗ ರಕ್ತ ಹೆಪ್ಪುಗಟ್ಟುವ ಸಮಯದ ಪರೀಕ್ಷೆಗಳೂ ಬದಲಾಗುವುದಿಲ್ಲ. ಬಾಯಲ್ಲಿ ನುಂಗುವ ಅಸಿಟ್ರಾಂ, ವಾರ್ಫರಿನ್, ಕ್ಲೋಪಿಡೋಗ್ರೆಲ್‌ಗಳು ರಕ್ತದಲ್ಲಿ ಕೆಲಸ ಮಾಡುತ್ತವೆ, ಬ್ಯಾಗಿನ ಎಳೆಗಳಿಗೆ ಅವುಗಳಿಂದ ಉಪಯೋಗವಿಲ್ಲ. ಇವು ಎರಡು ಬೇರೆ ಬೇರೆ ಖಾತೆಗಳು. ಒಂದರ ಲೆಕ್ಕವನ್ನು ಇನ್ನೊಂದಕ್ಕೆ ಜಮಾ ಮಾಡಬಾರದು.

ಇನ್ನೊಂದು ಮಾತು. ಮೆಷಿನ್ ಡಯಾಲಿಸಿಸ್‌ನಲ್ಲಿ ರಕ್ತ ದೇಹದಿಂದ ಹೊರಬಂದು ಪ್ಲಾಸ್ಟಿಕ್ ಕೊಳವೆಯಲ್ಲಿ ಹರಿಯುತ್ತದೆ, ಅಲ್ಲಿ ಹೆಪ್ಪುಗಟ್ಟದಿರಲೆಂದು ಪ್ರತಿ ಸಲವೂ ಸಾಮಾನ್ಯವಾಗಿ ರಕ್ತಕ್ಕೇ ಹೆಪಾರಿನ್ ಕೊಡುತ್ತಾರೆ. ಹೊಟ್ಟೆ ಡಯಾಲಿಸಿಸ್‌ನಲ್ಲಿ ರಕ್ತ ದೇಹ ಬಿಟ್ಟು ಹೊರಬರುವುದೇ ಇಲ್ಲ, ಆದ್ದರಿಂದ ಡಯಾಲಿಸಿಸ್‌ಗೆಂದು ರಕ್ತ ತೆಳು ಮಾಡುವ ಅಗತ್ಯವೇ ಇಲ್ಲ. ಹೊಟ್ಟೆ ಹುಣ್ಣಿನಿಂದ ರಕ್ತ ಹೋದವರಿಗೆ, ಮೆದುಳಿನಲ್ಲಿ ರಕ್ತಸ್ರಾವವಾದವರಿಗೆ ಇದು ದೊಡ್ಡ ಅನುಕೂಲ. ಡಾಕ್ಟರು ಪಿ.ಡಿ. ಸೂಚಿಸುವ ಕಾರಣಗಳಲ್ಲಿ ಇದೂ ಒಂದು.

ಮುಂದೆ ಬರೆದಿರುವ ಪ್ರಮಾಣಗಳು ಸಾಮಾನ್ಯವಾಗಿ ಬಳಕೆಯಲ್ಲಿರುವಂಥವು. ನಿಮ್ಮ ಚೀಟಿಯಲ್ಲಿ ಬೇರೆ ಇದ್ದರೆ ಚೀಟಿಯದೇ ಅಂತಿಮ. ಬರೆಸಿಕೊಂಡ ಚೀಟಿ ಇಲ್ಲದೆ ಹೆಪಾರಿನ್ ಹಾಕಲು ಶುರುಮಾಡಬೇಡಿ.

ಬ್ಯಾಗನ್ನು ನೋಡುವ ಬಗೆ

ಇಳಿದ ದ್ರವ ಸಾಮಾನ್ಯವಾಗಿ ತಿಳಿ ಹಳದಿಯಾಗಿ, ಪಾರದರ್ಶಕವಾಗಿರುತ್ತದೆ. ತುಂಬಿದ ಡ್ರೈನ್ ಬ್ಯಾಗನ್ನು ದಿನಪತ್ರಿಕೆಯ ಮೇಲಿಡಿ. ಕೆಳಗಿನ ಅಕ್ಷರ ಓದಲು ಬಂದರೆ ದ್ರವ ತಿಳಿಯಾಗಿದೆ ಎಂದರ್ಥ. ತಿಳಿಯಾದ ದ್ರವದಲ್ಲಿ ಬಿಳಿ ದಾರದಂಥ, ಲೋಳೆಯಂಥ ಎಳೆಗಳಷ್ಟೇ ಕಂಡರೆ ಅದು ಫೈಬ್ರಿನ್, ಅಂದರೆ ಗಾಯದ ಮೇಲೆ ಹೆಪ್ಪು ಕಟ್ಟಿಸುವ ಅದೇ ಪ್ರೋಟೀನು. ಹೊಸದಾಗಿ ಪೈಪು ಹಾಕಿದಾಗ, ಸೋಂಕು ಬಂದು ವಾಸಿಯಾಗುತ್ತಿರುವಾಗ, ಕೆಲವೊಮ್ಮೆ ಯಾವ ಕಾರಣವೂ ಇಲ್ಲದೆ ಬರುತ್ತದೆ. ಎಲ್ಲೋ ಒಮ್ಮೆ ಒಂದೆರಡು ಎಳೆ ಕಂಡು, ದ್ರವ ಸಲೀಸಾಗಿ ಇಳಿಯುತ್ತಿದ್ದರೆ ಗಾಬರಿಯಿಲ್ಲ, ಡೈರಿಯಲ್ಲಿ ಬರೆದಿಡಿ. ಎಳೆ ಹೆಚ್ಚಿದ್ದರೆ, ಅಥವಾ ಇಪ್ಪತ್ತು ನಿಮಿಷದಲ್ಲಿ ಇಳಿಯುತ್ತಿದ್ದದ್ದು ನಲವತ್ತು ನಿಮಿಷವಾದರೂ ಮುಗಿಯದಿದ್ದರೆ ನಿಮ್ಮ ಆಸ್ಪತ್ರೆಯ ಪಿ.ಡಿ. ಘಟಕಕ್ಕೆ ತಿಳಿಸಿ.

ಅಕ್ಕಿ ತೊಳೆದ ನೀರಿನ ಹಾಗೆ ಇಡೀ ಬ್ಯಾಗೇ ಮಬ್ಬಾಗಿದ್ದು ಅಕ್ಷರ ಕಾಣದಿದ್ದರೆ ಅದು ಬೇರೆಯೇ ವಿಷಯ. ಹೊಟ್ಟೆನೋವು, ಜ್ವರ ಇರಲಿ ಬಿಡಲಿ, ಪೆರಿಟೊನೈಟಿಸ್ (ಹೊಟ್ಟೆಯ ಒಳಪೊರೆಯ ಸೋಂಕು) ಎಂದೇ ತಿಳಿದು ಅದೇ ದಿನ ಆಸ್ಪತ್ರೆಗೆ ಹೋಗಿ. ಆ ಬ್ಯಾಗನ್ನು ಚೆಲ್ಲಬೇಡಿ, ಜೊತೆಗೆ ಒಯ್ಯಿರಿ. ಲ್ಯಾಬ್‌ನವರು ಅದರಲ್ಲಿ ಬಿಳಿ ರಕ್ತಕಣ ಎಣಿಸುತ್ತಾರೆ: ಕನಿಷ್ಠ 2 ಗಂಟೆ ಹೊಟ್ಟೆಯಲ್ಲಿದ್ದ ದ್ರವದ ಪ್ರತಿ ಮೈಕ್ರೋಲೀಟರಿಗೆ 100ಕ್ಕಿಂತ ಹೆಚ್ಚು ಕಣಗಳಿದ್ದು, ಅರ್ಧಕ್ಕಿಂತ ಹೆಚ್ಚು ನ್ಯೂಟ್ರೋಫಿಲ್ (ಸೋಂಕಿನ ವಿರುದ್ಧ ಹೋರಾಡುವ ಬಗೆಯ ಬಿಳಿ ರಕ್ತಕಣ) ಆಗಿದ್ದರೆ ಸೋಂಕೆಂದು ಹಿಡಿಯುತ್ತಾರೆ. ‘ಎಳೆ ಇರಬೇಕು’ ಎಂದುಕೊಂಡು ಮಬ್ಬು ಬ್ಯಾಗಿಗೆ ಮನೆಯಲ್ಲೇ ಎರಡು ದಿನ ಹೆಪಾರಿನ್ ಹಾಕುತ್ತ ಕೂರುವುದು ಈ ವಿಷಯದಲ್ಲಿ ಆಗುವ ಅತಿ ದೊಡ್ಡ ತಪ್ಪು. ಹೆಪಾರಿನ್ ಸೋಂಕನ್ನು ಗುಣಪಡಿಸುವುದಿಲ್ಲ, ಮತ್ತು ಕಳೆದುಹೋದ ಆ ಎರಡು ದಿನಕ್ಕೆ ಕೆಲವರು ಪೈಪನ್ನೇ ಕಳೆದುಕೊಳ್ಳುತ್ತಾರೆ. ಲರ್ಕಾನಿಡಿಪಿನ್‌ನಂಥ ಕೆಲವು ಬಿ.ಪಿ. ಮಾತ್ರೆಗಳಿಂದಲೂ ದ್ರವ ಹಾಲಿನಂತಾಗುವುದುಂಟು. ಆದರೆ ಹಾಗೆಂದು ತೀರ್ಮಾನಿಸಬೇಕಾದ್ದು ಲ್ಯಾಬ್ ವರದಿ ನೋಡಿದ ಮೇಲೆ.

ವಯಲ್ ಮೇಲಿನ ಲೆಕ್ಕ

ಎಳೆಗಳಿಗೆ ಹಾಕುವ ಹೆಪಾರಿನ್ ಪ್ರತಿ ಲೀಟರ್ ದ್ರವಕ್ಕೆ 500ರಿಂದ 1000 ಯೂನಿಟ್. ನಮ್ಮಲ್ಲಿ ಬಳಕೆಯಲ್ಲಿರುವ 2 ಲೀಟರ್ ಬ್ಯಾಗಿಗೆ 1000ರಿಂದ 2000 ಯೂನಿಟ್ ಆಯಿತು. ರಾತ್ರಿ ಹೊಟ್ಟೆಗೆ ದ್ರವವನ್ನು ತಾನಾಗಿ ತುಂಬಿ ಇಳಿಸುವ ಪಿ.ಡಿ. ಮೆಷಿನ್‌ಗೆ ಹಾಕುವ 5 ಲೀಟರ್ ಬ್ಯಾಗಿಗೆ ಲೀಟರಿಗೆ 500ರಂತೆ 2500 ಯೂನಿಟ್. ಇಷ್ಟು ಸುಲಭ. ಕಷ್ಟ ಶುರುವಾಗುವುದು ಮೆಡಿಕಲ್ ಶಾಪಿನಲ್ಲಿ.

5 ಮಿ.ಲೀ. ವಯಲ್‌ಗಳು ಎರಡು ಬಗೆಯವು ಸಿಗುತ್ತವೆ, ನೋಡಲು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಪ್ರತಿ ಮಿ.ಲೀ.ಗೆ 1000 ಯೂನಿಟ್, ಅಂದರೆ ವಯಲ್‌ನಲ್ಲಿ ಒಟ್ಟು 5000. ಇನ್ನೊಂದರಲ್ಲಿ ಪ್ರತಿ ಮಿ.ಲೀ.ಗೇ 5000, ಒಟ್ಟು 25,000. ‘5000’ ಎಂಬ ಅಂಕಿ ಎರಡರ ಮೇಲೂ ಇರಬಹುದು, ಒಂದರಲ್ಲಿ ಅದು ಇಡೀ ವಯಲ್‌ನ ಮೊತ್ತ, ಇನ್ನೊಂದರಲ್ಲಿ ಒಂದೇ ಮಿ.ಲೀ.ನದು. ‘ಪ್ರತಿ ಮಿ.ಲೀ.ಗೆ’ ಎಂದಿರುವ ಸಾಲನ್ನೇ ಹುಡುಕಿ ಓದಿ. 1000 ಯೂನಿಟ್ ಬೇಕಾದರೆ ಮೊದಲನೆಯದರಿಂದ 1 ಮಿ.ಲೀ., ಎರಡನೆಯದರಿಂದ 0.2 ಮಿ.ಲೀ. ಮಾತ್ರ. 2000 ಯೂನಿಟ್‌ಗೆ 2 ಮಿ.ಲೀ., ಇಲ್ಲವೇ 0.4 ಮಿ.ಲೀ. 0.2 ಮಿ.ಲೀ.ನಷ್ಟು ಸಣ್ಣ ಪ್ರಮಾಣ ಅಳೆಯಲು 1 ಮಿ.ಲೀ. ಸಿರಿಂಜ್ ಬೇಕು, 5 ಮಿ.ಲೀ. ಸಿರಿಂಜಿನಲ್ಲಿ ಅದು ಕೈಗೆ ಸಿಗುವುದಿಲ್ಲ. ಸಾಧ್ಯವಿದ್ದರೆ ಮನೆ ಬಳಕೆಗೆ ಯಾವಾಗಲೂ 1000ದ ವಯಲನ್ನೇ ಬರೆಸಿಕೊಳ್ಳಿ. ಎರಡು ಬಗೆಯ ವಯಲ್ ಒಂದೇ ಮನೆಯಲ್ಲಿ ಇಡಲೇಬೇಡಿ.

ಡಯಾಬಿಟಿಸ್ ಇರುವ ಮನೆಯಲ್ಲಿ ಇನ್ನೊಂದು ಬಲೆ ಕಾದಿರುತ್ತದೆ. ಮನೆಯಲ್ಲಿರುವ 1 ಮಿ.ಲೀ. ಸಿರಿಂಜ್ ಎಂದರೆ ಇನ್ಸುಲಿನ್ ಸಿರಿಂಜು. ಅದರ ಮೇಲೂ ‘ಯೂನಿಟ್’ ಎಂದೇ ಬರೆದಿರುತ್ತದೆ. ಆ ಯೂನಿಟ್ ಇನ್ಸುಲಿನ್‌ನದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವ ಇನ್ಸುಲಿನ್ ಸಿರಿಂಜಿನಲ್ಲಿ 40 ಗೆರೆ ಎಂದರೆ 1 ಮಿ.ಲೀ.: ಆ 40 ಗೆರೆಯವರೆಗೆ ಹೆಪಾರಿನ್ ಎಳೆದರೆ ಬಂದದ್ದು 40 ಯೂನಿಟ್ ಅಲ್ಲ, ವಯಲ್‌ಗೆ ತಕ್ಕಂತೆ 1000 ಅಥವಾ 5000 ಯೂನಿಟ್. ಹೆಪಾರಿನ್‌ಗೆ ಮಿ.ಲೀ. ಗುರುತಿರುವ ಸಿರಿಂಜ್ ಬೇರೆಯೇ ತಂದಿಡಿ. ಬ್ಯಾಗಿಗೆ ಇನ್ಸುಲಿನ್ ಕೂಡ ಹಾಕುವವರು ಎರಡು ವಯಲ್‌ಗಳನ್ನು ಬೇರೆ ಬೇರೆ ಜಾಗದಲ್ಲಿಡಿ. ಹೆಪಾರಿನ್ ಬದಲು ಇನ್ಸುಲಿನ್ ಹೋದರೆ ಸಕ್ಕರೆ ಕುಸಿದು ಜೀವಕ್ಕೇ ಅಪಾಯ.

ಮೂರನೆಯ ಎಡವಟ್ಟು: ಹೆಪಾರಿನ್ ಕೇಳಿದರೆ ಕೆಲವೊಮ್ಮೆ ಎನಾಕ್ಸಪರಿನ್ ತುಂಬಿದ ರೆಡಿ ಸಿರಿಂಜ್ ಕೊಡುತ್ತಾರೆ, 40 ಮಿ.ಗ್ರಾಂ, 0.4 ಮಿ.ಲೀ. ಎಂದು ಬರೆದದ್ದು. ಅದೂ ಹೆಪಾರಿನ್ ಕುಟುಂಬದ್ದೇ, ಆದರೆ ಚಿಕ್ಕ ಅಣುವಿನದು, ಮೂತ್ರಪಿಂಡದ ಮೂಲಕ ಹೊರಹೋಗಬೇಕಾದ್ದು. ಅದನ್ನು ಹೆಪಾರಿನ್ ಬದಲಿಗೆ ಬ್ಯಾಗಿಗೆ ಹಾಕಬೇಡಿ. ಯೂನಿಟ್ ಬದಲು ಮಿ.ಗ್ರಾಂ ಕಂಡಿತೆಂದರೆ ಕೌಂಟರಿನಲ್ಲೇ ವಾಪಸ್ ಕೊಡಿ.

ಲೆಕ್ಕ ತಪ್ಪಿ ಒಂದು ಬ್ಯಾಗಿಗೆ ಐದು ಪಟ್ಟು ಹಾಕಿಬಿಟ್ಟಿದ್ದರೆ, ಹೊಟ್ಟೆಗೆ ತುಂಬುವ ಮೊದಲು ಗೊತ್ತಾದರೆ ಬ್ಯಾಗನ್ನೇ ಬಿಸಾಡಿ. ತುಂಬಿದ ಮೇಲೆ ಗೊತ್ತಾದರೆ ಇಳಿಸಿಬಿಡಿ, ಘಟಕಕ್ಕೆ ಫೋನ್ ಮಾಡಿ. ಹೆಚ್ಚಿನಂಶ ದ್ರವದಲ್ಲೇ ಉಳಿದಿರುತ್ತದೆಯಾದ್ದರಿಂದ ಒಂದು ಸಲದ ತಪ್ಪು ಸಾಮಾನ್ಯವಾಗಿ ದೊಡ್ಡ ಅನಾಹುತ ಮಾಡುವುದಿಲ್ಲ. ಆದರೂ ಇನ್ನೊಂದು ಕಡೆ ಅಸಿಟ್ರಾಂ ನಡೆಯುತ್ತಿರುವವರು ಮುಚ್ಚಿಡಬಾರದು.

ಬ್ಯಾಗಿಗೆ ಹಾಕುವ ಕ್ರಮ

ಬ್ಯಾಗಿಗೆ ಸೂಜಿ ಚುಚ್ಚುವುದೆಂದರೆ ಮುಚ್ಚಿದ ಬಾಗಿಲಿಗೆ ಒಂದು ಕಿಂಡಿ ತೆರೆದಂತೆ. ಹೆಪಾರಿನ್‌ಗಿಂತ ಹೆಚ್ಚು ಎಚ್ಚರ ಬೇಕಾದ್ದು ಈ ಕಿಂಡಿಯ ಬಗ್ಗೆ. ಫ್ಯಾನ್ ಆರಿಸಿ, ಕಿಟಕಿ ಬಾಗಿಲು ಹಾಕಿ, ಮಾಸ್ಕ್ ಕಟ್ಟಿಕೊಳ್ಳಿ. ಪಕ್ಕದಲ್ಲಿ ಸಹಾಯಕ್ಕಿರುವವರಿಗೂ ಮಾಸ್ಕ್ ಬೇಕು. ಟೇಬಲ್ ಒರೆಸಿ, ಸಾಮಾನೆಲ್ಲ ಜೋಡಿಸಿಕೊಂಡ ಮೇಲೆ ಕೈ ತೊಳೆಯಿರಿ, ಒದ್ದೆ ಕೈ ಇಡಬೇಡಿ, ಚೊಕ್ಕ ಟಿಶ್ಯೂವಿನಿಂದ ಪೂರ್ತಿ ಒಣಗಿಸಿ. ಬ್ಯಾಗನ್ನು ಮೊದಲೇ ಒಣ ಶಾಖದಲ್ಲಿ ಬೆಚ್ಚಗೆ ಮಾಡಿಕೊಂಡಿರಿ. ಬಿಸಿ ನೀರಿನ ಬಕೆಟ್ಟಿನಲ್ಲಿ ಮುಳುಗಿಸಿದರೆ ಪೋರ್ಟಿನ ಸಂದುಗಳಲ್ಲಿ ನೀರು ನಿಂತು ಅಲ್ಲಿಂದಲೇ ಸೋಂಕು ಬರುತ್ತದೆ. ಹೊರಕವರ್ ತೆಗೆದು ದ್ರವದ ಶೇಕಡಾವಾರು, ಎಕ್ಸ್‌ಪೈರಿ ನೋಡಿ, ಬ್ಯಾಗನ್ನು ಒತ್ತಿ ಸೋರುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಬ್ಯಾಗಿನ ಕೆಳತುದಿಯಲ್ಲಿ ಎರಡು ಕೊಂಬುಗಳಂತೆ ಕಾಣುವುದರಲ್ಲಿ ಒಂದು ಟ್ಯೂಬಿಗೆ ಹೋಗುತ್ತದೆ, ರಬ್ಬರ್ ಮುಚ್ಚಳವಿರುವ ಗಿಡ್ಡ ಕೊಂಬು ಔಷಧಿ ಹಾಕುವ ಪೋರ್ಟ್. ಅದನ್ನು ಪೊವಿಡೋನ್ ಅಯೋಡಿನ್ ಹಚ್ಚಿದ ಗಾಜ್‌ನಿಂದ ಉಜ್ಜಿ 5 ನಿಮಿಷ ಹಾಗೇ ಬಿಡಿ. ಗಡಿಯಾರ ನೋಡಿಕೊಂಡೇ 5 ನಿಮಿಷ. ಒರೆಸಿದ ಕೂಡಲೇ ಚುಚ್ಚಿದರೆ ಹಚ್ಚಿದ್ದು ದಂಡ. ಆ ಸಮಯದಲ್ಲಿ ವಯಲ್‌ನ ರಬ್ಬರನ್ನು ಸ್ಪಿರಿಟ್ ಹತ್ತಿಯಿಂದ ಒರೆಸಿ ಒಣಗಲು ಬಿಡಿ, ಊದಿ ಒಣಗಿಸಬೇಡಿ. ಎಷ್ಟು ಔಷಧಿ ಬೇಕೋ ಅಷ್ಟೇ ಗಾಳಿಯನ್ನು ಸಿರಿಂಜಿಗೆ ಎಳೆದು ವಯಲ್‌ಗೆ ತಳ್ಳಿ, ವಯಲ್ ತಲೆಕೆಳಗು ಮಾಡಿ ಔಷಧಿ ಎಳೆಯಿರಿ, ಗುಳ್ಳೆ ತಟ್ಟಿ ಹೊರಹಾಕಿ, ಗುರುತನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಓದಿ. ಮನೆಯಲ್ಲಿ ಇನ್ನೊಬ್ಬರಿದ್ದರೆ ಅವರಿಂದಲೂ ಓದಿಸಿ.

ಈಗ ಸೂಜಿ ಬದಲಿಸಿ. ಒಂದು ಇಂಚಿನ ಸಣ್ಣ ಸೂಜಿ ಸಾಕು. ಎಡಗೈಯಲ್ಲಿ ಪೋರ್ಟನ್ನು ಬದಿಗಳಿಂದ ಹಿಡಿದು ನೇರ ಮಾಡಿ, ರಬ್ಬರಿನ ನಡುವೆ ಸೂಜಿಯನ್ನು ನೆಟ್ಟಗೆ ಇಳಿಸಿ. ಓರೆಯಾಗಿ ಚುಚ್ಚಿದರೆ ಸೂಜಿ ಪೋರ್ಟಿನ ಗೋಡೆ ತೂರಿ ನಿಮ್ಮ ಬೆರಳಿಗೇ ಬರುತ್ತದೆ, ಅಥವಾ ಬ್ಯಾಗ್ ತೂತಾಗುತ್ತದೆ. ಔಷಧಿ ತಳ್ಳಿ ಸೂಜಿ ತೆಗೆದ ಮೇಲೆ ಪೋರ್ಟಿನ ಕತ್ತನ್ನು ಎರಡು ಮೂರು ಸಲ ಹಿಚುಕಿ. ಸಣ್ಣ ಪ್ರಮಾಣವಾದ್ದರಿಂದ ಆ ಕತ್ತಿನಲ್ಲೇ ಅರ್ಧ ಉಳಿದುಬಿಡುವುದುಂಟು. ನಂತರ ಬ್ಯಾಗನ್ನು ನಾಲ್ಕೈದು ಸಲ ತಲೆಕೆಳಗು ಮಾಡಿ ಬೆರೆಸಿ. ಬೆರೆಸದಿದ್ದರೆ ತಳದಲ್ಲಿ ನಿಂತ ಹೆಪಾರಿನ್, ತುಂಬುವ ಮೊದಲು ಟ್ಯೂಬ್ ತೊಳೆಯಲು ಬಿಡುವ ದ್ರವದ ಜೊತೆ ನೇರ ಡ್ರೈನ್ ಬ್ಯಾಗಿಗೆ ಹೋಗುತ್ತದೆ. ‘ಹೆಪಾರಿನ್ ಹಾಕ್ತಾನೇ ಇದ್ದೀವಿ, ಎಳೆ ನಿಲ್ಲುತ್ತಿಲ್ಲ’ ಎನ್ನುವವರ ಮನೆಯಲ್ಲಿ ಮೊದಲು ನೋಡಬೇಕಾದ್ದು ಇದನ್ನೇ. ಇನ್ನೊಮ್ಮೆ ಬ್ಯಾಗ್ ಒತ್ತಿ ಪೋರ್ಟ್ ಸೋರುತ್ತಿಲ್ಲವೆಂದು ನೋಡಿ, ಮತ್ತೆ ಕೈ ತೊಳೆದು ಎಂದಿನಂತೆ ಎಕ್ಸ್‌ಚೇಂಜ್ (ಹಳೆಯ ದ್ರವ ಇಳಿಸಿ ಹೊಸದು ತುಂಬುವುದು) ಮಾಡಿ.

ಸೋಂಕಿಗೆ ಆ್ಯಂಟಿಬಯೋಟಿಕ್ ಕೂಡ ಅದೇ ಬ್ಯಾಗಿಗೆ ಹಾಕಬೇಕಿದ್ದರೆ ಪ್ರತಿಯೊಂದಕ್ಕೂ ಬೇರೆ ಸಿರಿಂಜ್. 2 ಲೀಟರ್ ದ್ರವದಲ್ಲಿ ಹೆಪಾರಿನ್, ವ್ಯಾಂಕೋಮೈಸಿನ್, ಜೆಂಟಾಮೈಸಿನ್‌ಗಳು ಹೊಂದಿಕೊಳ್ಳುತ್ತವೆ. ಒಂದೇ ಸಿರಿಂಜಿನಲ್ಲಿ ಗಟ್ಟಿಯಾಗಿ ಸೇರಿದರೆ ಒಡೆದ ಹಾಲಿನಂತೆ ಗರಣೆ ಕಟ್ಟಿ ಕೆಟ್ಟುಹೋಗುತ್ತವೆ.

ಹೆಪಾರಿನ್ ಹಾಕಿದ ಬ್ಯಾಗನ್ನು ಕೂಡಲೇ ಬಳಸಿ. ನಾಳೆಯ ನಾಲ್ಕು ಬ್ಯಾಗಿಗೂ ಇಂದೇ ಹಾಕಿಡುವುದು ಬೇಡ. ತೆರೆದ ವಯಲ್ ಮೇಲೆ ತಾರೀಖು ಬರೆಯಿರಿ, ಲೇಬಲ್ ಹೇಳಿದ ಉಷ್ಣತೆಯಲ್ಲಿಡಿ, 28 ದಿನವಾದ ಮೇಲೆ ಉಳಿದಿದ್ದರೂ ಎಸೆಯಿರಿ. ಒಳಗೆ ಬಣ್ಣ ಬದಲಾಗಿದ್ದರೆ, ಕಣ ಕಂಡರೆ ಆಗಲೇ ಎಸೆಯಿರಿ. ಸೂಜಿಗಳನ್ನು ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂಡಿಟ್ಟು ಆಸ್ಪತ್ರೆಗೆ ಒಯ್ದು ಕೊಡಿ, ಕಸ ಎತ್ತುವವರ ಕೈಗೆ ಚುಚ್ಚಬಾರದು.

ಎಷ್ಟು ದಿನ ಹಾಕಬೇಕು? ಸೋಂಕಿನ ಸಮಯದಲ್ಲಿ ಸಾಮಾನ್ಯವಾಗಿ ದ್ರವ ತಿಳಿಯಾಗುವವರೆಗೆ. ಬರಿ ಎಳೆಗಳಿಗಾದರೆ ಕೆಲವರಿಗೆ ಪ್ರತಿ ಬ್ಯಾಗಿಗೂ, ಕೆಲವರಿಗೆ ಹೆಚ್ಚು ಹೊತ್ತು ಹೊಟ್ಟೆಯಲ್ಲಿರುವ ರಾತ್ರಿ ಬ್ಯಾಗಿಗೆ ಮಾತ್ರ. ನಿಲ್ಲಿಸುವ ದಿನವನ್ನೂ ಚೀಟಿಯಲ್ಲಿ ಬರೆಸಿಕೊಳ್ಳಿ. ಅಗತ್ಯವಿಲ್ಲದೆ ತಿಂಗಳುಗಟ್ಟಲೆ ಹಾಕುವುದು ಎಂದರೆ ದಿನವೂ ಸುಮ್ಮನೆ ಒಂದು ಕಿಂಡಿ ತೆರೆಯುವುದು.

ಹಿಂದೆ ಹೆಪಾರಿನ್‌ನಿಂದ ಪ್ಲೇಟ್‌ಲೆಟ್ ಕುಸಿದಿದ್ದವರು ಬ್ಯಾಗಿಗೂ ಅದನ್ನು ಹಾಕಿಕೊಳ್ಳುವಂತಿಲ್ಲ. ಇಲ್ಲಿ ‘ರಕ್ತಕ್ಕೆ ಸೇರುವುದು ಅತ್ಯಲ್ಪ’ ಎಂಬ ಸಮಾಧಾನ ನಡೆಯುವುದಿಲ್ಲ, ಆ ಅತ್ಯಲ್ಪವೇ ಸಾಕು. ಹೆಪಾರಿನ್ ಶುರುವಾದ 5ರಿಂದ 10 ದಿನದಲ್ಲಿ ಪ್ಲೇಟ್‌ಲೆಟ್ ಇಳಿದರೆ, ಕಾಲು ಊದಿ ನೋವು ಬಂದರೆ ಇದನ್ನು ನೆನಪಿಸಿಕೊಳ್ಳಬೇಕು. ಈಗ ಸಿಗುವ ಹೆಪಾರಿನ್ ಹೆಚ್ಚಾಗಿ ಹಂದಿಯ ಕರುಳಿನಿಂದ ತಯಾರಾದದ್ದು. ನಂಬಿಕೆಯ ಕಾರಣಕ್ಕೆ ಇದು ತಿಳಿದಿರಬೇಕು ಎನ್ನುವವರಿಗೆ ಮೊದಲೇ ಹೇಳುವುದು ಒಳ್ಳೆಯದು.

ಹಾಕಿದರೂ ಇಳಿಯದಿದ್ದರೆ

ಹೆಪಾರಿನ್ ಹೊಸ ಎಳೆ ಕಟ್ಟದಂತೆ ತಡೆಯುತ್ತದೆ, ಕಟ್ಟಿದ್ದನ್ನು ಕರಗಿಸುವುದಿಲ್ಲ. ಹಾಗಾಗಿ ಪೈಪಿನೊಳಗೆ ಆಗಲೇ ಗಟ್ಟಿ ಕೂತದ್ದಕ್ಕೆ ಹೆಪಾರಿನ್ ಹೆಚ್ಚಿಸಿ ಫಲವಿಲ್ಲ. ಆದರೆ ಎಳೆಯೇ ಕಾರಣವೆಂದು ಹೇಳುವ ಮೊದಲು ಎರಡು ನೋಡಿ. ಟ್ಯೂಬ್ ಎಲ್ಲಾದರೂ ಮಡಚಿದೆಯೇ, ಕ್ಲ್ಯಾಂಪ್ ಹಾಕಿಯೇ ಇದೆಯೇ, ಪಂಚೆಯ ಗಂಟು, ಲಂಗದ ಲಾಡಿ ಒತ್ತುತ್ತಿದೆಯೇ? ಎರಡನೆಯದು ಮಲಬದ್ಧತೆ. ದ್ರವ ಸರಿಯಾಗಿ ಒಳಹೋಗಿ, ಹೊರಬರಲು ಮಾತ್ರ ತಕರಾರು ಮಾಡಿದರೆ ತುಂಬಿದ ಕರುಳು ಪೈಪನ್ನು ಒತ್ತುತ್ತಿರುವ ಸಾಧ್ಯತೆಯೇ ಹೆಚ್ಚು. ಲ್ಯಾಕ್ಟುಲೋಸ್ ಸಿರಪ್ ಕುಡಿದು ಹೊಟ್ಟೆ ಖಾಲಿಯಾದ ಮೇಲೆ ಎಷ್ಟೋ ‘ಕಟ್ಟಿದ’ ಪೈಪುಗಳು ತಾವಾಗೇ ಸರಿಯಾಗಿವೆ. ಮೆಗ್ನೀಷಿಯಂ ಇರುವ ಭೇದಿ ಔಷಧಿ, ಫಾಸ್ಫೇಟ್ ಎನಿಮಾ ಕಿಡ್ನಿ ರೋಗಿಗಳಿಗೆ ಬೇಡ.

ಒಳಗೂ ಹೋಗುವುದಿಲ್ಲ, ಹೊರಗೂ ಬರುವುದಿಲ್ಲ ಎಂದರೆ ಪೈಪೇ ಕಟ್ಟಿದೆ. ಆಗ ಮನೆಯಲ್ಲಿ ಸಿರಿಂಜಿನಿಂದ ಒತ್ತಡ ಹಾಕಿ ತಳ್ಳಲು ಹೋಗಬೇಡಿ. ಆಸ್ಪತ್ರೆಯಲ್ಲಿ ಸೆಲೈನ್‌ನಿಂದ ಚುರುಕಾಗಿ ತೊಳೆದು ನೋಡುತ್ತಾರೆ, ಆಗದಿದ್ದರೆ ಹೆಪ್ಪು ಕರಗಿಸುವ ಆಲ್ಟಿಪ್ಲೇಸ್ ಅಥವಾ ಯುರೋಕೈನೇಸ್ ಅನ್ನು ಪೈಪಿನಲ್ಲಿ ಸುಮಾರು ಒಂದು ಗಂಟೆ ನಿಲ್ಲಿಸುತ್ತಾರೆ, ಎಕ್ಸ್‌ರೇಯಲ್ಲಿ ಪೈಪು ಜಾರಿದೆಯೇ ಎಂದು ನೋಡುತ್ತಾರೆ.

ದ್ರವ ಕೆಂಪಾದರೆ

ಒಂದೆರಡು ಮಿ.ಲೀ. ರಕ್ತ ಸೇರಿದರೂ ಇಡೀ ಬ್ಯಾಗ್ ನಸುಗೆಂಪಾಗಿ ಕಾಣುತ್ತದೆ. ನೋಡಿದವರ ಎದೆ ಧಸಕ್ಕೆನ್ನುತ್ತದೆ, ಆದರೆ ಬಣ್ಣದಿಂದ ಪ್ರಮಾಣ ಊಹಿಸಬೇಡಿ. ಮುಟ್ಟಾಗುವ ಹೆಣ್ಣುಮಕ್ಕಳಲ್ಲಿ ಮುಟ್ಟಿನ ದಿನಗಳಲ್ಲಿ, ಅಂಡಾಣು ಬಿಡುಗಡೆಯಾಗುವ ತಿಂಗಳ ನಡುವೆ ಹೀಗಾಗುವುದು ಸಹಜ. ಡೈರಿಯಲ್ಲಿ ತಾರೀಖು ಹೊಂದಿಸಿ ನೋಡಿದರೆ ಗೊತ್ತಾಗುತ್ತದೆ. ಭಾರ ಎತ್ತಿದಾಗ, ಪೈಪು ಎಳೆದಾಗಲೂ ಬರಬಹುದು.

ನಸುಗೆಂಪಿಗೆ ಘಟಕದವರು ಹೇಳುವುದು ಎರಡು. ಬೆಚ್ಚಗೆ ಮಾಡದ, ಕೋಣೆಯ ಉಷ್ಣತೆಯ ದ್ರವದಿಂದ ಎರಡು ಮೂರು ಸಲ ಬೇಗ ಬೇಗ ತುಂಬಿ ಇಳಿಸುವುದು, ತಂಪಿಗೆ ಸಣ್ಣ ರಕ್ತನಾಳಗಳು ಕುಗ್ಗುತ್ತವೆ. ರಾಯಚೂರು, ಕಲಬುರಗಿಯ ಏಪ್ರಿಲ್‌ನಲ್ಲಿ ಕೋಣೆಯೇ ಮೈಯಷ್ಟು ಬಿಸಿಯಿರುವುದರಿಂದ ಬ್ಯಾಗನ್ನು ಮನೆಯ ಅತಿ ತಂಪು ಮೂಲೆಯಲ್ಲಿಟ್ಟುಕೊಳ್ಳಬೇಕಾಗುತ್ತದೆ. ಫ್ರಿಜ್ ಬೇಡ, ಹೊಟ್ಟೆ ಹಿಡಿದುಕೊಳ್ಳುತ್ತದೆ. ಎರಡನೆಯದು, ಬ್ಯಾಗಿಗೆ ಲೀಟರಿಗೆ 500ರಿಂದ 1000 ಯೂನಿಟ್ ಹೆಪಾರಿನ್. ರಕ್ತ ಬರುತ್ತಿರುವಾಗ ಹೆಪಾರಿನ್ನೇ ಎಂದು ಯಾರಾದರೂ ಬೆಚ್ಚುತ್ತಾರೆ. ಆದರೆ ರಕ್ತ ಬಂದರೆ ಪೈಪಿನಲ್ಲಿ ಹೆಪ್ಪು ಕಟ್ಟಬಹುದು, ಹೆಪಾರಿನ್ ಅದನ್ನಷ್ಟೇ ತಡೆಯುತ್ತದೆ, ರಕ್ತಕ್ಕೆ ಸೇರುವುದು ಅತ್ಯಲ್ಪವಾದ ಕಾರಣ ಸಾಮಾನ್ಯವಾಗಿ ಸ್ರಾವವನ್ನು ಹೆಚ್ಚಿಸುವುದಿಲ್ಲ. ಎರಡು ಖಾತೆಗಳ ಮಾತು ಇಲ್ಲಿ ಕೈಹಿಡಿಯುತ್ತದೆ.

ಅಸಿಟ್ರಾಂ, ವಾರ್ಫರಿನ್ ತೆಗೆದುಕೊಳ್ಳುವವರು ಮಾತ್ರ ನಸುಗೆಂಪು ಕಂಡ ದಿನವೇ ಐ.ಎನ್.ಆರ್. (ರಕ್ತ ಎಷ್ಟು ತೆಳುವಾಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಮಾಡಿಸಬೇಕು. ಟೊಮೆಟೊ ರಸದಷ್ಟು ದಟ್ಟ ಕೆಂಪು, ತಲೆಸುತ್ತು, ಬಿ.ಪಿ. ಇಳಿಕೆ, ಬಿಡದ ಹೊಟ್ಟೆನೋವು ಇದ್ದರೆ ಮನೆಯಲ್ಲಿ ತೊಳೆಯುತ್ತ ಕೂರದೆ ಆಸ್ಪತ್ರೆಗೆ ಹೊರಡಿ.

ರಕ್ತಕ್ಕೆ ಕೊಡುವ ಔಷಧಿಗಳು

ಲೋಹದ ಕೃತಕ ವಾಲ್ವ್ ಇರುವವರಿಗೆ ಅಸಿಟ್ರಾಂ ಅಥವಾ ವಾರ್ಫರಿನ್ ಬಿಟ್ಟರೆ ದಾರಿಯಿಲ್ಲ. ಅದು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುವುದರಿಂದ ಡಯಾಲಿಸಿಸ್ ದ್ರವದಲ್ಲಿ ಹೊರಹೋಗುವುದಿಲ್ಲ, ಎಕ್ಸ್‌ಚೇಂಜ್ ಹೊತ್ತು ನೋಡಿ ಮಾತ್ರೆ ಹೊಂದಿಸಬೇಕಿಲ್ಲ. ಐ.ಎನ್.ಆರ್. ಗುರಿ ಸಾಮಾನ್ಯವಾಗಿ 2ರಿಂದ 3, ಮೈಟ್ರಲ್ ಜಾಗದ ಲೋಹದ ವಾಲ್ವ್‌ಗೆ 2.5ರಿಂದ 3.5. ಸಂಜೆ ಒಂದೇ ಹೊತ್ತಿಗೆ ನುಂಗಿ. ಮರೆತದ್ದು ಅದೇ ದಿನ ನೆನಪಾದರೆ ತೆಗೆದುಕೊಳ್ಳಿ, ಮರುದಿನ ಎರಡು ಸೇರಿಸಬೇಡಿ.

ಐ.ಎನ್.ಆರ್. ಹಠಾತ್ತನೆ ಏರುವುದು ಪೆರಿಟೊನೈಟಿಸ್ ವಾರದಲ್ಲಿ. ಊಟ ಸೇರುವುದಿಲ್ಲ, ವಿಟಮಿನ್ ಕೆ ಇಳಿಯುತ್ತದೆ, ಜೊತೆಗೆ ಆ್ಯಂಟಿಬಯೋಟಿಕ್. ಫಂಗಸ್ ಬಾರದಿರಲೆಂದು ಕೊಡುವ ಫ್ಲುಕೊನಜೋಲ್ ಅಂತೂ ಅಸಿಟ್ರಾಂ ಪ್ರಭಾವವನ್ನು ತುಂಬಾ ಏರಿಸುತ್ತದೆ. ಮೆಟ್ರೊನಿಡಜೋಲ್, ಕೋ-ಟ್ರೈಮೋಕ್ಸಜೋಲ್ ಕೂಡ ಹಾಗೆಯೇ. ಈ ಮಾತ್ರೆ ಶುರುವಾದ 3ರಿಂದ 5 ದಿನದೊಳಗೆ ಐ.ಎನ್.ಆರ್. ಮಾಡಿಸಿ, ಮುಗಿದ ಮೇಲೆ ಇನ್ನೊಮ್ಮೆ. ಟಿ.ಬಿ.ಗೆ ಕೊಡುವ ರಿಫಾಂಪಿಸಿನ್ ಇದಕ್ಕೆ ತದ್ವಿರುದ್ಧ: ಐ.ಎನ್.ಆರ್. ಕುಸಿಯುತ್ತದೆ.

ಸೊಪ್ಪು ಬಿಡಬೇಕೇ? ಬಿಡಬೇಕಿಲ್ಲ, ವಾರ ವಾರ ಹೆಚ್ಚುಕಡಿಮೆ ಒಂದೇ ಪ್ರಮಾಣ ತಿನ್ನಬೇಕು. ಹದಿನೈದು ದಿನ ಸೊಪ್ಪೇ ಇಲ್ಲದೆ ಆಮೇಲೆ ನಾಲ್ಕು ದಿನ ಬಿಡದೆ ನುಗ್ಗೆಸೊಪ್ಪು, ಪಾಲಕ್ ತಿಂದರೆ ಐ.ಎನ್.ಆರ್. ಎಲ್ಲಿ ನಿಲ್ಲುತ್ತದೆಂದು ಹೇಳಲಾಗದು. ಪೊಟ್ಯಾಷಿಯಂ ಕಡಿಮೆ ಮಾಡಲು ಸೊಪ್ಪು ಬೇಯಿಸಿ ನೀರು ಬಸಿಯಲು ಹೇಳಿದ್ದರೆ ಇದು ನೆನಪಿರಲಿ: ಪೊಟ್ಯಾಷಿಯಂ ನೀರಿಗೆ ಇಳಿಯುತ್ತದೆ, ವಿಟಮಿನ್ ಕೆ ಎಲೆಯಲ್ಲೇ ಉಳಿಯುತ್ತದೆ. ಬಸ್ಸಾರು ಮಾಡುವ ಮನೆಯಲ್ಲಿ ಆ ಬಸಿದ ನೀರೇ ಸಾರಾಗುತ್ತದಲ್ಲ, ಹಾಗೆ ಮಾಡಿದರೆ ಬಸಿದು ಫಲವೇನು? ಪೊಟ್ಯಾಷಿಯಂ ಹೆಚ್ಚಿರುವವರು ಪಲ್ಯ ತಿಂದು ಸಾರು ಬಿಡಬೇಕು. ಪಿ.ಡಿ.ಯಲ್ಲಿ ಹಲವರಿಗೆ ಪೊಟ್ಯಾಷಿಯಂ ಕಡಿಮೆಯೇ ಇರುವುದರಿಂದ, ನಿಮ್ಮ ರಿಪೋರ್ಟ್ ನೋಡದೆ ಪಥ್ಯ ಮಾಡಬೇಡಿ.

ವಾರ್ಫರಿನ್ ಬಗೆಯ ಮಾತ್ರೆ ತೆಗೆದುಕೊಳ್ಳುವ ಡಯಾಲಿಸಿಸ್ ರೋಗಿಗಳಲ್ಲಿ ಅಪರೂಪಕ್ಕೆ ಕ್ಯಾಲ್ಸಿಫಿಲ್ಯಾಕ್ಸಿಸ್ ಎಂಬ ಘೋರ ತೊಂದರೆ ಬರುತ್ತದೆ. ತೊಡೆ, ಹೊಟ್ಟೆ, ಪೃಷ್ಠದ ಚರ್ಮದಲ್ಲಿ ನೇರಳೆ ಬಣ್ಣದ, ಮುಟ್ಟಲಾಗದಷ್ಟು ನೋಯುವ ಗಟ್ಟಿ ಮಚ್ಚೆಗಳು. ಏಟಿನ ಕಲೆ ಎಂದು ಮುಲಾಮು ಹಚ್ಚಿ ಕಾಯಬೇಡಿ.

ಹೃದಯದ ಬಡಿತ ತಪ್ಪುವ ತೊಂದರೆಗೆ ಈಗ ಅಪಿಕ್ಸಬಾನ್ ಬರೆಯುವುದು ಹೆಚ್ಚಾಗಿದೆ. ಅದರ ಸುಮಾರು 27 ಶೇಕಡಾ ಮಾತ್ರ ಮೂತ್ರಪಿಂಡದಿಂದ ಹೊರಹೋಗುವುದು ಇದಕ್ಕೆ ಕಾರಣ. ಅಧ್ಯಯನಗಳು ಬಹುಪಾಲು ಮೆಷಿನ್ ಡಯಾಲಿಸಿಸ್‌ನವರ ಮೇಲೆ ನಡೆದಿವೆ, ಪಿ.ಡಿ.ಯವರಿಗೆ ಅನೇಕ ಡಾಕ್ಟರು ದಿನಕ್ಕೆ ಎರಡು ಸಲ 2.5 ಮಿ.ಗ್ರಾಂ. ಎಂಬ ಕಡಿಮೆ ಪ್ರಮಾಣವನ್ನೇ ಆರಿಸುತ್ತಾರೆ. ಲೋಹದ ವಾಲ್ವ್‌ಗೆ ಇದು ಆಗದು. ಡಬಿಗಟ್ರಾನ್ ಸುಮಾರು 80 ಶೇಕಡಾ ಮೂತ್ರಪಿಂಡವನ್ನೇ ನೆಚ್ಚಿಕೊಂಡದ್ದು, ಡಯಾಲಿಸಿಸ್ ರೋಗಿಗೆ ಕೊಡುವಂಥದ್ದಲ್ಲ. ಫಾಂಡಪರಿನಕ್ಸ್ ಇಂಜೆಕ್ಷನ್ ಕೂಡ ಅದೇ ಸಾಲಿನದು.

ಎನಾಕ್ಸಪರಿನ್ ವಿಷಯದಲ್ಲಿ ಗಟ್ಟಿಯಾಗಿ ಬಾಯಿ ಬಿಡಬೇಕು. ಎದೆನೋವೆಂದು ರಾತ್ರಿ ಹತ್ತಿರದ ಆಸ್ಪತ್ರೆಗೆ ಓಡಿದಾಗ ಹೊಟ್ಟೆಯ ಪೈಪು ಅಂಗಿಯೊಳಗೆ ಮುಚ್ಚಿರುತ್ತದೆ, ತೋಳಿನಲ್ಲಿ ಮೆಷಿನ್ ಡಯಾಲಿಸಿಸ್‌ಗೆಂದು ರಕ್ತನಾಳ ಜೋಡಿಸಿದ ಫಿಸ್ಟುಲಾ ಇರುವುದಿಲ್ಲ, ಡಯಾಲಿಸಿಸ್ ರೋಗಿ ಎಂದು ಯಾರಿಗೂ ತಿಳಿಯುವುದಿಲ್ಲ. ಎಲ್ಲರಿಗೂ ಕೊಡುವ ಹಾಗೆ ತೂಕದ ಲೆಕ್ಕದಲ್ಲಿ ದಿನಕ್ಕೆ ಎರಡು ಸಲ ಕೊಟ್ಟರೆ ಅದು ದೇಹದಲ್ಲಿ ಸೇರುತ್ತಲೇ ಹೋಗುತ್ತದೆ. ಬಾಗಿಲಲ್ಲೇ ‘ಪಿ.ಡಿ. ಪೇಷಂಟು’ ಎನ್ನಿ. ಇಂಥವರಿಗೆ ಸಾದಾ ಹೆಪಾರಿನ್ನೇ ವಾಸಿ. ಅದನ್ನು ನಿಲ್ಲಿಸಿದರೆ ಕೆಲವು ಗಂಟೆಯಲ್ಲಿ ಪ್ರಭಾವ ಇಳಿಯುತ್ತದೆ, ಪ್ರೋಟಮಿನ್ ಕೊಟ್ಟು ಪೂರ್ತಿ ಅಳಿಸಲೂ ಬರುತ್ತದೆ.

ಸ್ಟೆಂಟ್ ಹಾಕಿಸಿಕೊಂಡವರು ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಅನ್ನು ಬ್ಯಾಗ್ ಕೆಂಪಾಯಿತೆಂದು ತಾವಾಗಿ ನಿಲ್ಲಿಸಬಾರದು, ಸ್ಟೆಂಟ್ ಮುಚ್ಚಿಕೊಂಡರೆ ಜೀವ ಹೋಗುತ್ತದೆ. ಗ್ಯಾಸಿಗೆ ಒಮೆಪ್ರಜೋಲ್ ಬದಲು ಪ್ಯಾಂಟೊಪ್ರಜೋಲ್ ಇರಲಿ, ಒಮೆಪ್ರಜೋಲ್ ಕ್ಲೋಪಿಡೋಗ್ರೆಲ್‌ನ ಬಲ ಕುಂದಿಸುತ್ತದೆ. ಮೈಕೈ ನೋವಿಗೆ ಕ್ಲಿನಿಕ್‌ನಲ್ಲಿ ಸೊಂಟಕ್ಕೆ ಹಾಕುವ ಡೈಕ್ಲೋಫೆನಾಕ್ ಇಂಜೆಕ್ಷನ್ ಎರಡು ಕಾರಣಕ್ಕೆ ಬೇಡ: ಚುಚ್ಚಿದ ಜಾಗದ ಸ್ನಾಯುವಿನಲ್ಲಿ ರಕ್ತ ಗಡ್ಡೆ ಕಟ್ಟುತ್ತದೆ, ಮತ್ತು ನಿಮಗಿನ್ನೂ ಬರುತ್ತಿರುವ ಅಲ್ಪಸ್ವಲ್ಪ ಮೂತ್ರವೂ ನಿಲ್ಲಬಹುದು. ಪ್ಯಾರಸಿಟಮಾಲ್ ಕೇಳಿ.

ಪೈಪು ಹಾಕಿಸುವ ಆಪರೇಷನ್‌ಗೆ ಮೊದಲು ವಾರ್ಫರಿನ್ ಸುಮಾರು 5 ದಿನ, ಬೇಗ ಇಳಿಯುವ ಅಸಿಟ್ರಾಂ 2–3 ದಿನ ನಿಲ್ಲಿಸಿ, ಐ.ಎನ್.ಆರ್. 1.5ಕ್ಕಿಂತ ಕೆಳಗೆ ಬಂದದ್ದು ನೋಡುತ್ತಾರೆ. ಕ್ಲೋಪಿಡೋಗ್ರೆಲ್ 5ರಿಂದ 7 ದಿನ ಬಿಡಿಸುವುದುಂಟು, ಆಸ್ಪಿರಿನ್ ಹೆಚ್ಚಾಗಿ ಬಿಡಿಸುವುದಿಲ್ಲ. ವಾಲ್ವ್, ಸ್ಟೆಂಟ್ ಇರುವವರಲ್ಲಿ ಈ ದಿನಗಳನ್ನು ಹೃದಯದ ಡಾಕ್ಟರು ಮತ್ತು ಕಿಡ್ನಿ ಡಾಕ್ಟರು ಮಾತಾಡಿಕೊಂಡು ಗೊತ್ತುಮಾಡಬೇಕು. ಇಬ್ಬರ ಚೀಟಿಯೂ ಒಬ್ಬರ ಮುಂದೆ ಒಬ್ಬರದು ಇರುವಂತೆ ನೋಡಿಕೊಳ್ಳುವುದು ಮನೆಯವರ ಕೆಲಸ. ಮತ್ತೆ ಶುರುಮಾಡುವ ದಿನವನ್ನೂ ಬರೆಸಿಕೊಳ್ಳಿ, ಮರೆತುಹೋಗುವುದು ಅದೇ.

ಇನ್ನು ಮಲದ ಬಣ್ಣ. ಕಬ್ಬಿಣದ ಮಾತ್ರೆ ತೆಗೆದುಕೊಳ್ಳುವವರಿಗೆ ಮಲ ಕಪ್ಪಾಗಿಯೇ ಇರುತ್ತದೆ, ಆದರೆ ಗಟ್ಟಿಯಾಗಿ, ಕಪ್ಪು ಹಸಿರು ಛಾಯೆಯಲ್ಲಿರುತ್ತದೆ. ಒಳಗೆ ರಕ್ತ ಹೋಗುತ್ತಿದ್ದರೆ ಅದು ರಸ್ತೆ ಟಾರಿನಂತೆ ಹೊಳೆಯುತ್ತ ಅಂಟಂಟಾಗಿ, ವಿಪರೀತ ದುರ್ನಾತ ಬೀರುತ್ತದೆ. ಅದು ಕಂಡ ದಿನ, ಅಥವಾ ತಲೆಗೆ ಪೆಟ್ಟು ಬಿದ್ದ ದಿನ, ಹಿಂದೆಂದೂ ಇಲ್ಲದ ತಲೆನೋವು ಬಂದ ದಿನ, ಹೊರಗೆ ಏನೂ ಕಾಣದಿದ್ದರೂ ಮಾತ್ರೆಯ ಪಟ್ಟಿ, ಕೊನೆಯ ಐ.ಎನ್.ಆರ್. ಚೀಟಿ, ಕೊನೆಯ ಡ್ರೈನ್ ಬ್ಯಾಗ್ ಮೂರನ್ನೂ ಹಿಡಿದು ಆಸ್ಪತ್ರೆಗೆ ಹೋಗಿ.